ಹೌಸ್‌ಸರ್ಜನ್ಸಿ ಮುಗಿದ ಮೇಲೆ ಔದ್ಯೋಗಿಕ ಆರೋಗ್ಯ ಓದಬೇಕು: ಬಳ್ಳಾರಿ, ರಾಯಚೂರು, ಕೊಪ್ಪಳದವರು ದಾರಿ ಹೇಳಿ

ಕೋಟೆಬೆಟ್ಟ:
ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಓದು ಮುಗಿಸಿ ಬಳ್ಳಾರಿಯಲ್ಲಿ ಹೌಸ್‌ಸರ್ಜನ್ ಆಗಿದ್ದೇನೆ. ಜೊತೆಯವರೆಲ್ಲ ಪಿಜಿ ಪರೀಕ್ಷೆಗೆ ಓದುತ್ತಿದ್ದಾರೆ. ನನಗೆ ಕೆಲಸದಿಂದ ಬರುವ ರೋಗಗಳ ಕಡೆ ಮನಸ್ಸು ಹೋಗಿದೆ.

ಕಾರಣ ಹೇಳುತ್ತೇನೆ. ಎದೆ ರೋಗದ ಓಪಿಡಿಯಲ್ಲಿ ಒಬ್ಬರು ಬಂದಿದ್ದರು. ಐವತ್ತರ ಆಸುಪಾಸು. ಹತ್ತು ಹೆಜ್ಜೆ ನಡೆದರೆ ದಮ್ಮು. ಹಿಂದೆ ಎರಡು ಸಲ ಟಿಬಿ ಮಾತ್ರೆ ತಿಂದಿದ್ದರು. ಎರಡು ಸಲವೂ ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿರಲಿಲ್ಲ. ಚೀಟಿಯಲ್ಲಿ ಉದ್ಯೋಗ ಅಂತ ಇರುವ ಕಡೆ 'ಕೂಲಿ' ಅಂತ ಬರೆದಿತ್ತು. ನಮ್ಮ ಸರ್ ಪಕ್ಕದಲ್ಲಿ ಕುಳಿತು ಕೇಳಿದರು, ಏನು ಕೂಲಿ, ಎಲ್ಲಿ, ಎಷ್ಟು ವರ್ಷ ಅಂತ. ಸಂಡೂರು ಕಡೆ ಅದಿರು ಒಡೆದಿದ್ದರು. ಆಮೇಲೆ ಕ್ರಷರ್‌ನಲ್ಲಿ ಇದ್ದರು. ಎಕ್ಸ್‌ರೇಯಲ್ಲಿ ಎರಡೂ ಕಡೆ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗಂಟು. ಸರ್ 'ಸಿಲಿಕೋಸಿಸ್ ಇರಬಹುದು' ಅಂತ ಬರೆದರು, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ನಾನು ಐದು ವರ್ಷ ಓದಿದ್ದರಲ್ಲಿ ಈ ವಿಷಯ ಎರಡು ಪುಟ ಇತ್ತು ಅಷ್ಟೇ.

ಯಾವ ಕೋರ್ಸ್ ಮಾಡಬೇಕು, ಎಲ್ಲಿ? ಮಾಡಿದರೆ ನಮ್ಮ ಕಡೆ ಕೆಲಸ ಇದೆಯಾ? ಈಗಿನಿಂದಲೇ ಏನು ಕಲಿಯಬಹುದು?

ನಿವೃತ್ತ_ಎಂಒ:
ಬಹಳ ಖುಷಿಯಾಯಿತು ತಮ್ಮಾ. ಈ ಕಡೆ ಬರುವವರೇ ಕಡಿಮೆ.

ಎಂಬಿಬಿಎಸ್ ಆದವರಿಗೆ ಮೊದಲ ಮೆಟ್ಟಿಲು ಎಎಫ್‌ಐಎಚ್. ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್ ಅಂತ. ಮೂರು ತಿಂಗಳ ಪೂರ್ಣಾವಧಿ ಕೋರ್ಸ್. ಕೇಂದ್ರ ಕಾರ್ಮಿಕ ಇಲಾಖೆಯ ಡಿಜಿಫಾಸ್ಲಿ ಅನ್ನುವ ಕಾರ್ಖಾನೆ ಸುರಕ್ಷತೆಯ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಮುಂಬೈನ ಸಯಾನ್‌ನಲ್ಲಿ ಕೇಂದ್ರ ಕಾರ್ಮಿಕ ಸಂಸ್ಥೆ ಇದೆ. ಪ್ರಾದೇಶಿಕ ಸಂಸ್ಥೆಗಳು ಚೆನ್ನೈ, ಕೋಲ್ಕತ್ತಾ, ಕಾನ್ಪುರ, ಫರೀದಾಬಾದ್‌ನಲ್ಲಿವೆ. ನಮಗೆ ಚೆನ್ನೈ ಹತ್ತಿರ. ಹೌಸ್‌ಸರ್ಜನ್ಸಿ ಮುಗಿದು ಮೆಡಿಕಲ್ ಕೌನ್ಸಿಲ್ ನೋಂದಣಿ ಆಗಿರಬೇಕು. ಸೀಟು ಕಡಿಮೆ. ಹಾಗಾಗಿ ಅರ್ಜಿ ಕರೆದ ಕೂಡಲೇ ಹಾಕಿ.

ಕೆಲಸದ ವಿಷಯಕ್ಕೆ ಬಂದರೆ, ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆಗಳು ವೈದ್ಯರನ್ನು ಇಟ್ಟುಕೊಳ್ಳಲೇಬೇಕು. ತೋರಣಗಲ್ಲು, ಕುಡತಿನಿ, ಗಿಣಿಗೇರ, ಶಕ್ತಿನಗರ, ಹಟ್ಟಿ ಎಲ್ಲ ಹತ್ತಿರದಲ್ಲೇ ಇವೆ. ಎಎಫ್‌ಐಎಚ್ ಇದ್ದವರನ್ನು ಹುಡುಕುತ್ತಾರೆ.

ಇನ್ನೂ ಮುಂದೆ ಹೋಗಬೇಕು ಅಂದರೆ ಸಮುದಾಯ ವೈದ್ಯಕೀಯದಲ್ಲಿ ಎಂಡಿ ಮಾಡಿ, ಪ್ರಬಂಧಕ್ಕೆ ಈ ವಿಷಯ ತಗೊಳ್ಳಿ. ಸಂಶೋಧನೆಯ ಆಸೆ ಇದ್ದರೆ ಅಹಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ. ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ.

ಕೋರ್ಸ್‌ಗಿಂತ ಮೊದಲು ಕಲಿಯಬೇಕಾದ್ದನ್ನು ನಿಮ್ಮ ಸರ್ ಆಗಲೇ ತೋರಿಸಿದ್ದಾರೆ. ಇಟಲಿಯ ರಾಮಜ್ಜಿನಿ ಅನ್ನುವ ವೈದ್ಯರು 1700ರಲ್ಲೇ ಹೇಳಿದ್ದರು, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ಇನ್ನೊಂದು ಸೇರಿಸಿ, ನೀವು ಏನು ಕೆಲಸ ಮಾಡುತ್ತೀರಿ ಅಂತ. ನಮ್ಮ ಓಪಿಡಿಗಳಲ್ಲಿ ಅದನ್ನು ಕೇಳೋದು ಇವತ್ತಿಗೂ ಅಪರೂಪ.

ಗಣಿಊರು:
ನಾನು ಡಾಕ್ಟರ್ ಅಲ್ಲ. ಸಂಡೂರು ತಾಲೂಕಿನವನು. ಒಂದು ಮಾತು ಹೇಳಲೇಬೇಕು.

ಈಗ ಏನು ಕೆಲಸ ಅಂತ ಕೇಳಿದರೆ ಸಾಲದು. 2011ಕ್ಕಿಂತ ಮುಂಚೆ ಏನು ಮಾಡುತ್ತಿದ್ದಿರಿ ಅಂತ ಕೇಳಿ. ನಮ್ಮ ಜಿಲ್ಲೆಗೆ ಆ ವರ್ಷ ಬಹಳ ಮುಖ್ಯ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅದಿರಿಗೆ ಎಷ್ಟು ಬೇಡಿಕೆ ಇತ್ತು ಅಂದರೆ, ಹೊಲದಲ್ಲೇ ಗುಂಡಿ ತೆಗೆದು ಅದಿರು ಎತ್ತಿದವರಿದ್ದಾರೆ. ಸುತ್ತಿಗೆ ಹಿಡಿದು ಒಡೆದದ್ದು, ಜರಡಿ ಹಿಡಿದದ್ದು, ಲಾರಿ ತುಂಬಿದ್ದು ಎಲ್ಲ ಕೈಯಲ್ಲೇ. ಹೆಂಗಸರೂ ಇದ್ದರು, ಶಾಲೆ ಬಿಟ್ಟ ಮಕ್ಕಳೂ ಇದ್ದರು. ಮುಖಕ್ಕೆ ಒಂದು ಟವಲ್, ಮುಗೀತು. ಹಾಜರಿ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ. ವಾರದ ಬಟವಾಡೆ ಮೇಸ್ತ್ರಿ ಕೈಯಿಂದ.

ಗಣಿ ನಿಂತ ಮೇಲೆ ಅವರೆಲ್ಲ ಚದುರಿದರು. ಕೆಲವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ. ಕೆಲವರು ಕೊಪ್ಪಳದ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗೆ. ಕೆಲವರು ವಾಪಸ್ ಹೊಲಕ್ಕೆ. ಈಗ ದವಾಖಾನೆಗೆ ಹೋದರೆ 'ಒಕ್ಕಲುತನ' ಅಂತ ಬರೆಸುತ್ತಾರೆ. ಅದು ಸುಳ್ಳಲ್ಲ, ಈಗ ಮಾಡುತ್ತಿರೋದು ಅದೇ. ಆದರೆ ಕೆಮ್ಮು ಬಂದದ್ದು ಹೊಲದಿಂದ ಅಲ್ಲ.

ಕೋಟೆಬೆಟ್ಟ:
ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಂದು ಸಂಶಯ. ಕಬ್ಬಿಣದ ಧೂಳಿನಿಂದ ಬರೋದು ಸೈಡರೋಸಿಸ್, ಅದು ಅಷ್ಟು ಅಪಾಯ ಅಲ್ಲ ಅಂತ ಓದಿದ್ದೇನೆ. ಹಾಗಿದ್ದರೆ ಅದಿರು ಒಡೆದವರಿಗೆ ಸಿಲಿಕೋಸಿಸ್ ಹೇಗೆ?

ಎದೆ_ಡಾಕ್ಟರ್_ರಾಯಚೂರು:
ಒಳ್ಳೆಯ ಪ್ರಶ್ನೆ. ಕಬ್ಬಿಣದ ಆಕ್ಸೈಡ್ ಮಾತ್ರ ಇದ್ದರೆ ನೀವು ಹೇಳಿದ್ದು ಸರಿ. ಎಕ್ಸ್‌ರೇಯಲ್ಲಿ ಚುಕ್ಕಿ ಕಾಣುತ್ತವೆ, ಉಸಿರಾಟಕ್ಕೆ ಅಷ್ಟು ತೊಂದರೆ ಇರಲ್ಲ. ಆದರೆ ಸಂಡೂರಿನ ಬೆಟ್ಟಗಳಲ್ಲಿ ಅದಿರು ಒಂಟಿಯಾಗಿ ಇರಲ್ಲ. ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್‌ಜೈಟ್ ಅಂತ ಕಲ್ಲು. ಕೈಯಲ್ಲಿ ಹಿಡಿದು ನೋಡಿ. ಒಂದು ಪಟ್ಟೆ ಕಪ್ಪು ಕೆಂಪು, ಅದು ಕಬ್ಬಿಣ. ಪಕ್ಕದ ಬೂದು ಬಿಳಿ ಪಟ್ಟೆ ಕ್ವಾರ್ಟ್ಜ್, ಅಂದರೆ ಸ್ಫಟಿಕ ರೂಪದ ಸಿಲಿಕಾ. ಆ ಕಲ್ಲನ್ನು ಕೊರೆದಾಗ, ಒಡೆದಾಗ ಎರಡೂ ಪುಡಿಯಾಗುತ್ತವೆ. ಹಟ್ಟಿಯಲ್ಲೂ ಇದೇ ಮಾತು. ಅಲ್ಲಿ ಚಿನ್ನ ಇರೋದೇ ಕ್ವಾರ್ಟ್ಜ್ ಎಳೆಗಳಲ್ಲಿ.

ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಅಪಾಯ ಇರೋದು ಕಾಣದ ಧೂಳಿನಲ್ಲಿ. 5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತವೆ. ಅಲ್ಲಿ ಅವನ್ನು ನುಂಗಲು ಬಂದ ರಕ್ಷಕ ಕೋಶವೇ ಸಾಯುತ್ತದೆ. ಕಣ ಹೊರಬಿದ್ದು ಇನ್ನೊಂದು ಕೋಶದೊಳಗೆ ಸೇರುತ್ತದೆ. ಹೀಗೆ ಉರಿಯೂತ ನಿಲ್ಲೋದೇ ಇಲ್ಲ. ನಿಧಾನಕ್ಕೆ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯೋದು ಇದಕ್ಕೇ. ಸಾಮಾನ್ಯವಾಗಿ ಕಾಣಿಸಿಕೊಳ್ಳಲು 10 ವರ್ಷ, 20 ವರ್ಷ ಬೇಕು. ಧೂಳು ತೀರಾ ಜಾಸ್ತಿ ಇದ್ದರೆ ಐದು ವರ್ಷದೊಳಗೂ ಬರಬಹುದು. 2011ರ ಲೆಕ್ಕ ಹಾಕಿ ನೋಡಿ. ಗಣಿಊರು ಅವರು ಹೇಳಿದ ಜನ ಈಗ ನಮ್ಮ ಬಾಗಿಲಿಗೆ ಬರುವ ಹೊತ್ತು.

ಟಿಬಿ ವಿಷಯದಲ್ಲಿ ಮಾತ್ರ ಅವಸರ ಬೇಡ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ಹಾಗಾಗಿ 'ಇದು ಸಿಲಿಕೋಸಿಸ್, ಟಿಬಿ ಅಲ್ಲ' ಅಂತ ಕೈ ತೊಳೆದುಕೊಳ್ಳಬೇಡಿ. ಎರಡೂ ಒಟ್ಟಿಗೆ ಇರಬಹುದು. ಪ್ರತಿ ಸಲ ಕಫ ಪರೀಕ್ಷೆ ಮಾಡಿಸಿ. ಕ್ರಿಮಿ ಸಿಗದಿದ್ದಾಗ, ಸುಮ್ನೆ ಇನ್ನೊಂದು ಸುತ್ತು ಮಾತ್ರೆ ಬರೆಯುವ ಮುಂಚೆ ಕೆಲಸದ ಚರಿತ್ರೆ ತೆಗೆಯಿರಿ.

ಎಕ್ಸ್‌ರೇ ಓದಲು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣ ಇದೆ. ಮಾದರಿ ಚಿತ್ರಗಳ ಪಕ್ಕ ರೋಗಿಯ ಚಿತ್ರ ಇಟ್ಟು ಗಂಟುಗಳ ದಟ್ಟಣೆ ಗುರುತಿಸಬೇಕು. ಈಗಲೇ ಅಭ್ಯಾಸ ಶುರು ಮಾಡಿ. ಪರಿಹಾರದ ಅರ್ಜಿ ನಿಲ್ಲೋದು ಬೀಳೋದು ಅದರ ಮೇಲೆ.

ಸಿಸ್ಟರ್_ತೋರಣಗಲ್ಲು:
ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೇನೆ. ಎಲ್ಲರೂ ಧೂಳಿನ ಬಗ್ಗೆ ಹೇಳಿದ್ದಾರೆ, ನಾನು ಗ್ಯಾಸ್ ಬಗ್ಗೆ ಹೇಳುತ್ತೇನೆ. ಉಕ್ಕಿನ ಕೆಲಸದಲ್ಲಿ ಇದು ನಿಮಿಷಗಳ ಮಾತು.

ಅದಿರು ಕರಗಿಸುವ ಕುಲುಮೆಯ (ಬ್ಲಾಸ್ಟ್ ಫರ್ನೇಸ್) ಗ್ಯಾಸ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಂತಿ, ತಲೆ ಸುತ್ತು ಅಂತ ಬರುತ್ತಾರೆ. ಬೇಸಿಗೆಯಲ್ಲಿ ಎಲ್ಲರೂ 'ಬಿಸಿಲು ಬಡಿದಿದೆ' ಅಂದುಕೊಳ್ಳುತ್ತಾರೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದರೆ 98, 99 ತೋರಿಸುತ್ತದೆ. ಆ ಸಂಖ್ಯೆ ನಂಬಬೇಡಿ. ಮಾಮೂಲಿ ಯಂತ್ರಕ್ಕೆ ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್‌ಗೂ ಮಾನಾಕ್ಸೈಡ್ ಹಿಡಿದದ್ದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಬಲ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು.

ಒಂದೇ ಕಡೆಯಿಂದ ಇಬ್ಬರು ಮೂವರು ಒಟ್ಟಿಗೆ ತಲೆನೋವು ಅಂತ ಬಂದರೆ ಮೊದಲು ಪೂರ್ತಿ ಆಕ್ಸಿಜನ್ ಕೊಡಿ, ಆಮೇಲೆ ಪ್ರಶ್ನೆ. ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್, ಅಂದರೆ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್, ಎಷ್ಟಿದೆ ನೋಡಿಸಿ. ಬಿದ್ದವನನ್ನು ಎಳೆಯಲು ಉಸಿರಾಟದ ಸಲಕರಣೆ ಇಲ್ಲದೆ ಯಾರೂ ಒಳಗೆ ನುಗ್ಗಬಾರದು. ಕಾಪಾಡಲು ಹೋದವರೂ ಹೀಗೇ ಬಿದ್ದುಹೋಗುತ್ತಾರೆ.

ಕೌಲ್‌ಬಜಾರ್_ಜೀನ್ಸ್:
ದೊಡ್ಡ ಕಾರ್ಖಾನೆಗಳಿಗೆ ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ. ನಮ್ಮ ಕಡೆ ಯಾರು ನೋಡುತ್ತಾರೆ ಹೇಳಿ. ಬಳ್ಳಾರಿ ಜೀನ್ಸ್ ಅಂತ ಊರ ತುಂಬ ಹೆಸರು. ಹೊಲಿಗೆ ಒಂದು ಮನೆಯಲ್ಲಿ, ಗುಂಡಿ ಇನ್ನೊಂದು ಮನೆಯಲ್ಲಿ, ವಾಷಿಂಗ್ ಮತ್ತೊಂದು ಕಡೆ.

ನನ್ನ ಅಣ್ಣ ವಾಷಿಂಗ್ ಯೂನಿಟ್‌ನಲ್ಲಿ ಇದ್ದ. ಪ್ಯಾಂಟಿನ ತೊಡೆಯ ಮೇಲೆ ಬಿಳಿಚಿದ ಹಾಗೆ ಕಾಣುತ್ತದೆ ಅಲ್ವಾ, ಅದಕ್ಕೆ ನೇರಳೆ ಬಣ್ಣದ ಪರ್ಮ್ಯಾಂಗನೇಟ್ ನೀರನ್ನು ಗನ್‌ನಲ್ಲಿ ಹೊಡೆಯುತ್ತಾರೆ. ಕಿಟಕಿ ಸಣ್ಣದು, ಫ್ಯಾನ್ ಗೋಡೆ ಕಡೆ. ಅವನ ಉಗುರಿನ ಸುತ್ತ ಕಂದು ಕಲೆ, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ರಾತ್ರಿ ಒಣ ಕೆಮ್ಮು. ಮಾಸ್ಕ್ ಅಂತ ಕೊಟ್ಟದ್ದು ಬಟ್ಟೆಯದು. ಹತ್ತು ಜನರೂ ಇಲ್ಲದ ಜಾಗ, ಕಾರ್ಮಿಕರ ಇಎಸ್‌ಐ ವಿಮೆ ಇಲ್ಲ. ಸರ್, ನೀವು ಓದಿ ಬಂದ ಮೇಲೆ ಇಂಥ ಕಡೆಗೂ ಬನ್ನಿ.

ನಿವೃತ್ತ_ಎಂಒ:
ನಿಮ್ಮ ಅಣ್ಣನಿಗೆ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿ. ದೊಡ್ಡಾಸ್ಪತ್ರೆಯ ಎದೆ ವಿಭಾಗದಲ್ಲಿ ಕೇಳಿ. ಉಗುರಿನ ಕಲೆ, ಸ್ಪ್ರೇ ಕೆಲಸ, ಎಷ್ಟು ವರ್ಷ, ಎಲ್ಲ ಬಿಡಿಸಿ ಹೇಳಲಿ.

ಜೀನ್ಸ್ ವಿಷಯದಲ್ಲಿ ಟರ್ಕಿಯ ಪಾಠ ಎಲ್ಲರೂ ತಿಳಿದಿರಬೇಕು. ಅಲ್ಲಿ ಜೀನ್ಸ್‌ಗೆ ಹಳೆಯ ರೂಪ ಕೊಡಲು ಮರಳನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಿದ್ದರು. ಕೆಲವೇ ವರ್ಷ ಆ ಕೆಲಸ ಮಾಡಿದ ಎಳೆಯ ಹುಡುಗರಿಗೆ ಸಿಲಿಕೋಸಿಸ್ ಬಂತು, ಹಲವರು ತೀರಿಕೊಂಡರು. 2009ರಲ್ಲಿ ಅಲ್ಲಿನ ಸರ್ಕಾರ ಆ ವಿಧಾನವನ್ನೇ ನಿಷೇಧಿಸಿತು. ಅಪಾಯವನ್ನು ಬೇರಿನಲ್ಲೇ ತೆಗೆಯೋದು ಅಂದರೆ ಇದು. ಮಾಸ್ಕ್ ಕೊನೆಯ ಉಪಾಯ. ಮೊದಲು ಆ ವಸ್ತು ಬಿಡಬಹುದಾ ನೋಡಬೇಕು. ಆಮೇಲೆ ಗಾಳಿ ಎಳೆಯುವ ವ್ಯವಸ್ಥೆ, ನೀರು ಹಾಕಿ ಕೊರೆಯೋದು. ಆಮೇಲೆ ಪಾಳಿ ಬದಲಿಸೋದು. ನಮ್ಮಲ್ಲಿ ಎಲ್ಲ ಕಡೆ ಉಲ್ಟಾ. ಮಾಸ್ಕ್ ಹಂಚಿ ಫೋಟೋ ತೆಗೆದರೆ ಮುಗಿಯಿತು.

ಗಿಣಿಗೇರ_ಸೇಫ್ಟಿ:
ಒಂದು ಕಹಿ ವಿಷಯ ಎತ್ತುತ್ತೇನೆ. ಕೋಟೆಬೆಟ್ಟ ಅವರು ಈ ಕೆಲಸಕ್ಕೆ ಬರುವ ಮುಂಚೆ ತಿಳಿದಿರಲಿ.

ಕಾರ್ಮಿಕನೇ ರೋಗ ಮುಚ್ಚಿಡುತ್ತಾನೆ. ವಾರ್ಷಿಕ ತಪಾಸಣೆ ಅಂದರೆ ಹೆದರಿಕೆ. ಕಿವಿ ಪರೀಕ್ಷೆಯಲ್ಲಿ 4000 ಹರ್ಟ್ಜ್ ಹತ್ತಿರ ಗುಣಿ ಬಿದ್ದಿರುತ್ತದೆ. ಅದು ಸದ್ದಿನಿಂದ ಆದ ಕಿವುಡಿನ ಗುರುತು. ನಾನು ಕೇಳಿದರೆ 'ಚೆನ್ನಾಗಿ ಕೇಳಿಸುತ್ತೆ ಸರ್, ಬರೆಯಬೇಡಿ' ಅನ್ನುತ್ತಾರೆ. ಗುತ್ತಿಗೆ ಕಾರ್ಮಿಕ. ಅನ್‌ಫಿಟ್ ಅಂತ ಬಂದರೆ ಮರುದಿನ ಗೇಟ್ ಪಾಸ್ ರದ್ದು. ಕಂಟ್ರಾಕ್ಟರ್ ಇನ್ನೊಬ್ಬನನ್ನು ತರುತ್ತಾನೆ. ನಾನು ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ ಡಾಕ್ಟರ್ ಎಲ್ಲರಿಗೂ ಒಂದೇ ಸಹಿ ಹಾಕಿ 'ಫಿಟ್' ಅಂತ ಕೊಡುತ್ತಿದ್ದರು. ಮ್ಯಾನೇಜರ್‌ಗೂ ಖುಷಿ, ಕಾರ್ಮಿಕನಿಗೂ ಖುಷಿ.

ಸಂಬಳ ಕೊಡೋದು ಕಂಪನಿ. ಡಾಕ್ಟರ್ ಯಾರ ಕಡೆ ನಿಲ್ಲಬೇಕು?

ಎದೆ_ಡಾಕ್ಟರ್_ರಾಯಚೂರು:
ರೋಗಿಯ ಕಡೆ. ಇದರಲ್ಲಿ ಎರಡು ಮಾತಿಲ್ಲ. ಕಾನೂನೂ ಹಾಗೇ ಹೇಳುತ್ತದೆ. 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಂ ಪ್ರಕಾರ, ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ ಕಂಡ ವೈದ್ಯ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ಬರೆದು ತಿಳಿಸಬೇಕಿತ್ತು. ಆ ಪಟ್ಟಿಯಲ್ಲಿ 29 ರೋಗಗಳು. ಸಿಲಿಕೋಸಿಸ್, ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್, ಮ್ಯಾಂಗನೀಸ್ ವಿಷ, ಸದ್ದಿನ ಕಿವುಡು ಎಲ್ಲ ಇವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆಯಲ್ಲೂ ವೈದ್ಯರಿಗೆ ಈ ಹೊಣೆ ಇದೆ. ಕಂಪನಿ ವೈದ್ಯರಿಗೆ ಮಾತ್ರ ಅಲ್ಲ, ರೋಗಿಯನ್ನು ನೋಡಿದ ಯಾವ ವೈದ್ಯರಿಗೂ.

ಗಿಣಿಗೇರ_ಸೇಫ್ಟಿ:
ಕಾಯ್ದೆ ಗೊತ್ತು ಸರ್. ನಾನು ಕೇಳಿದ್ದು ಆ ಮನುಷ್ಯನ ಕೆಲಸದ ಬಗ್ಗೆ. ವರದಿ ಹೋದ ಮೇಲೆ ಅವನ ಮನೆ ಒಲೆ ಹತ್ತಿಸುವವರು ಯಾರು?

ನಿವೃತ್ತ_ಎಂಒ:
ನನ್ನ ಇಡೀ ನೌಕರಿ ಇದೇ ಪ್ರಶ್ನೆ ಎದುರಿಗಿತ್ತು. ನಾನು ಪಾಲಿಸಿದ್ದು ಹೇಳುತ್ತೇನೆ.

'ಫಿಟ್', 'ಅನ್‌ಫಿಟ್' ಅಂತ ಎರಡೇ ಪದದಲ್ಲಿ ಮುಗಿಸಬಾರದು. 'ಧೂಳಿಲ್ಲದ ಜಾಗದಲ್ಲಿ ಫಿಟ್', 'ಸದ್ದು ಕಡಿಮೆ ಇರುವ ವಿಭಾಗದಲ್ಲಿ ಫಿಟ್' ಅಂತ ಬರೆಯಿರಿ. ಯಾವ ಕೆಲಸ ಮಾಡಬಹುದು ಅಂತ ಸ್ಪಷ್ಟವಾಗಿ ಹೇಳಿ. ಮ್ಯಾನೇಜರ್‌ಗೆ ಗೊತ್ತಾಗಬೇಕಾದ್ದು ಅಷ್ಟೇ. ರೋಗದ ವಿವರ ಕಾರ್ಮಿಕನಿಗೆ ಸೇರಿದ್ದು. ಎಕ್ಸ್‌ರೇ, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಎಲ್ಲದರ ಒಂದು ಪ್ರತಿ ಅವನ ಕೈಗೆ ಕೊಡಿ. ಇನ್ನು ಕಾನೂನು ಕೇಳುವ ವರದಿ ನಿರೀಕ್ಷಕರಿಗೆ ಪ್ರತ್ಯೇಕವಾಗಿ ಹೋಗಬೇಕು. ಕಳಿಸುವ ಮುಂಚೆ ಕಾರ್ಮಿಕನನ್ನು ಕೂರಿಸಿ ಹೇಳಿ.

ಆಮೇಲೆ, ಒಬ್ಬನಲ್ಲಿ ರೋಗ ಕಂಡರೆ ಜಾಗ ಸರಿಯಿಲ್ಲ ಅಂತ ಅರ್ಥ. ಅದೇ ಜಾಗದಲ್ಲಿ ನಿಲ್ಲುವ ಎಲ್ಲರ ವರದಿ ಒಟ್ಟಿಗೆ ಇಟ್ಟು, ಹೆಸರು ತೆಗೆದು, ಸುರಕ್ಷತಾ ಸಮಿತಿಯ ಮುಂದಿಡಿ. 'ಕ್ರಷರ್ ಕೆಳಗೆ ನಿಲ್ಲುವವರ ಉಸಿರಾಟ ಕುಗ್ಗುತ್ತಿದೆ' ಅಂದಾಗ ಯಾರೊಬ್ಬನ ಗೇಟ್ ಪಾಸ್ ರದ್ದಾಗಲ್ಲ. ನೀರು ಸಿಂಪಡಿಸುವ ಪೈಪು ಬರುತ್ತದೆ. ಒಂದೆರಡು ಕಡೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬರದೇ ಇದ್ದ ಕಡೆಗಳೂ ಇವೆ. ಅಲ್ಲಿ ಬರೆದಿಟ್ಟ ಕಾಗದ ಮುಂದೆ ಕಾರ್ಮಿಕನಿಗೆ ಸಾಕ್ಷಿ ಆಗುತ್ತದೆ.

ಗಣಿಊರು:
ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ನಮ್ಮವರಿಗೆ? ಮೂರು ನಾಲ್ಕು ಕಡೆ ದುಡಿದಿದ್ದಾರೆ. ಯಾರ ಮೇಲೆ ಕೇಳೋದು?

ಎದೆ_ಡಾಕ್ಟರ್_ರಾಯಚೂರು:
ಪರಿಹಾರ ಕಾನೂನು ಕೆಲಸದಿಂದ ಬಂದ ರೋಗವನ್ನು ಅಪಘಾತದ ಹಾಗೇ ನೋಡುತ್ತದೆ. ಸಿಲಿಕೋಸಿಸ್‌ನಂಥ ನಿಧಾನದ ರೋಗಕ್ಕೆ ಇನ್ನೊಂದು ಅನುಕೂಲ ಇದೆ. ಹಲವು ಮಾಲೀಕರ ಹತ್ತಿರ ದುಡಿದಿದ್ದರೆ ಪರಿಹಾರವನ್ನು ಅವರ ನಡುವೆ ಹಂಚಬಹುದು. 1923ರ ಪರಿಹಾರ ಕಾಯ್ದೆಯಲ್ಲೂ ಇದು ಇತ್ತು. ಆದರೆ ದುಡಿದದ್ದಕ್ಕೆ ಪುರಾವೆ ಬೇಕು. ಅಲ್ಲೇ ನಮ್ಮವರು ಸೋಲೋದು.

ರಾಜಸ್ಥಾನ ಇದಕ್ಕೆ ಬೇರೆ ದಾರಿ ಹಿಡಿಯಿತು. 2019ರಲ್ಲಿ ಒಂದು ನೀತಿ ತಂದರು. ವೈದ್ಯರ ಮಂಡಳಿ ಸಿಲಿಕೋಸಿಸ್ ಅಂತ ದೃಢಪಡಿಸಿದರೆ ಸರ್ಕಾರವೇ 3 ಲಕ್ಷ ಕೊಡುತ್ತದೆ. ತೀರಿಕೊಂಡರೆ ಮನೆಯವರಿಗೆ 2 ಲಕ್ಷ. ಮಾಲೀಕ ಯಾರು ಅಂತ ಹುಡುಕಿ ಕೂರಬೇಕಾಗಿಲ್ಲ. ನಮ್ಮ ಜಿಲ್ಲೆಗಳಲ್ಲಿ ಖನಿಜ ನಿಧಿ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ನಿಧಿ, ಗಣಿಯಿಂದ ತೊಂದರೆಯಾದ ಜನರಿಗೇ ಇರುವ ದುಡ್ಡು. ಆರೋಗ್ಯ ಅದರ ಆದ್ಯತೆಯ ಪಟ್ಟಿಯಲ್ಲೇ ಇದೆ. ಹಳೆಯ ಗಣಿ ಕಾರ್ಮಿಕರ ಎದೆ ತಪಾಸಣೆಗೆ ಅದನ್ನು ಕೇಳೋದು ನ್ಯಾಯ. ಕೇಳಬೇಕಾದರೆ ಪಟ್ಟಿ ಬೇಕು. ಪಟ್ಟಿ ಬೇಕಾದರೆ ಓಪಿಡಿ ಚೀಟಿಯಲ್ಲಿ 'ಕೂಲಿ' ಅನ್ನೋದರ ಮುಂದೆ ಇನ್ನೊಂದು ಸಾಲು ಬೇಕು.

ಹತ್ತಿಮಿಲ್_ರಾಯಚೂರು:
ನಮ್ಮ ಜಿನ್ನಿಂಗ್ ಕಡೆಯದೂ ಸೇರಿಸಿ. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುತ್ತದೆ, ಮರುದಿನ ಕಡಿಮೆ. ಎಲ್ಲರೂ ರಜೆಯ ಆಲಸ್ಯ ಅಂತ ಬೈಯುತ್ತಾರೆ.

ಎದೆ_ಡಾಕ್ಟರ್_ರಾಯಚೂರು:
ಅದು ಬಿಸಿನೋಸಿಸ್‌ನ ಮೊದಲ ಲಕ್ಷಣ. ಶುರುವಿನಲ್ಲಿ ಹಿಡಿದರೆ ಹಿಂದಕ್ಕೆ ಬರುತ್ತದೆ. ರಜೆ ಮುಗಿದ ದಿನ ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಸ್ಪೈರೋಮೆಟ್ರಿ ಮಾಡಿದರೆ ಇಳಿತ ಕಾಣುತ್ತದೆ. ಬೇರೆ ದಿನ ಮಾಡಿದರೆ ತಪ್ಪಿಹೋಗಬಹುದು.

ಗಿಣಿಗೇರ_ಸೇಫ್ಟಿ:
ಬಿಸಿಲಿನ ಬಗ್ಗೆಯೂ ಒಂದು ಸಾಲು. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಕುಲುಮೆ ಹತ್ತಿರ ಕೇಳೋದೇ ಬೇಡ. ಹೊಸಬನನ್ನು ಮೊದಲ ದಿನವೇ ಪೂರ್ತಿ ಪಾಳಿ ಹಾಕಬಾರದು. ಮೈ ಒಗ್ಗಲು 7ರಿಂದ 14 ದಿನ ಬೇಕು. ಬಾಯಾರಿಕೆ ಆಗುವ ತನಕ ಕಾಯದೆ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು.

ಕೋಟೆಬೆಟ್ಟ:
ಎಲ್ಲರಿಗೂ ಧನ್ಯವಾದ. ಚೆನ್ನೈಗೆ ಅರ್ಜಿ ಹಾಕುವುದು ಖಚಿತ ಮಾಡಿಕೊಂಡೆ. ಅಲ್ಲಿಯವರೆಗೆ ಸುಮ್ಮನಿರಲ್ಲ. ಸರ್ ಒಪ್ಪಿದ್ದಾರೆ, ಎದೆ ಓಪಿಡಿಯಲ್ಲಿ ಚೀಟಿಗೆ ಒಂದು ಹಾಳೆ ಸೇರಿಸುತ್ತೇವೆ. ಕರಡು ಇದು:

ಈಗಿನ ಕೆಲಸ ಏನು, ಕೈಯಲ್ಲಿ ಏನು ಹಿಡಿಯುತ್ತೀರಿ? 2011ಕ್ಕಿಂತ ಮುಂಚೆ ಯಾವ ಊರಿನಲ್ಲಿ, ಏನು ಕೆಲಸ, ಎಷ್ಟು ವರ್ಷ? ಕಲ್ಲು ಒಡೆದದ್ದು, ಕೊರೆದದ್ದು, ಜರಡಿ ಹಿಡಿದದ್ದು ಇದೆಯಾ? ನೀರು ಹಾಕುತ್ತಿದ್ದರಾ, ಒಣಗಿದ್ದನ್ನೇ ಕೊರೆಯುತ್ತಿದ್ದರಾ? ಜೊತೆಗೆ ದುಡಿದ ಬೇರೆಯವರಿಗೂ ದಮ್ಮು ಇದೆಯಾ? ರಜೆ ದಿನ ಕೆಮ್ಮು ಕಡಿಮೆ ಆಗುತ್ತದಾ?

ಗಣಿಊರು:
ಕಂಪನಿ ಹೆಸರು ಕೇಳಬೇಡಿ, ಬಹಳ ಜನಕ್ಕೆ ಗೊತ್ತಿರಲ್ಲ. ಮೇಸ್ತ್ರಿ ಹೆಸರು ಕೇಳಿ, ಯಾವ ಗುಡ್ಡ ಅಂತ ಕೇಳಿ. ಅದು ಎಲ್ಲರಿಗೂ ನೆನಪಿದೆ. ಜೊತೆಗಿದ್ದ ಇಬ್ಬರ ಹೆಸರೂ ಬರೆದುಕೊಳ್ಳಿ. ನಾಳೆ ಸಾಕ್ಷಿ ಬೇಕಾದರೆ ಅವರೇ.

ನಿವೃತ್ತ_ಎಂಒ:
ಗಣಿಊರು ಹೇಳಿದ್ದನ್ನು ಹಾಗೇ ಸೇರಿಸಿ. ಬೀಡಿ, ಸಿಗರೇಟು ಪ್ರಶ್ನೆ ಕೊನೆಗೆ ಇಡಿ. ಮೊದಲೇ ಕೇಳಿದರೆ ಬರೆಯುವವರು ಅಲ್ಲಿಗೇ ಕಾರಣ ಸಿಕ್ಕಿತು ಅಂತ ಪೆನ್ನು ಮುಚ್ಚುತ್ತಾರೆ.

ಸಿಸ್ಟರ್_ತೋರಣಗಲ್ಲು:
ನಮ್ಮಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್‌ನವರು ಜಾಸ್ತಿ. ತೆಲುಗಿನವರೂ ಇದ್ದಾರೆ. ಈ ಹಾಳೆ ಹಿಂದಿ, ತೆಲುಗಿನಲ್ಲೂ ಬೇಕು. ಹಿಂದಿಯದು ನಾನು ಭಾನುವಾರದೊಳಗೆ ಬರೆದು ಇಲ್ಲೇ ಹಾಕುತ್ತೇನೆ. ತೆಲುಗು ಯಾರಾದರೂ ವಹಿಸಿಕೊಳ್ಳಿ.

ಕೌಲ್‌ಬಜಾರ್_ಜೀನ್ಸ್:
ತೆಲುಗು ನಾನು ಮಾಡುತ್ತೇನೆ ಮೇಡಂ. ಬಣ್ಣ, ಆಸಿಡ್, ಸ್ಪ್ರೇ ಕೆಲಸ ಇದೆಯಾ ಅನ್ನೋ ಪ್ರಶ್ನೆ ಹಾಳೆಯಲ್ಲಿ ಇಲ್ಲ. ಅದನ್ನೂ ಸೇರಿಸುತ್ತಿದ್ದೇನೆ.